ಡಿಲನ್ನನ ಹಾಡು ಯಾರ ಸ್ವತ್ತು?

1966ನೆಯ ಇಸವಿ ಮೇ 17ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್ ಎಂಬ ಸಭಾಭವನದಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ನನ ಕಾರ್ಯಕ್ರಮ ನಡೆಯುತ್ತಿತ್ತು. ದುಡ್ಡು ಕೊಟ್ಟು ಟಿಕೆಟ್ಟು ಕೊಂಡು ಬಂದಿದ್ದ ಸಭಿಕನೊಬ್ಬ ಕತ್ತಲೊಳಗಿಂದ "ಯೂದ!" ಎಂದು ಕೂಗಿದ. ಮೂವತ್ತು ಬೆಳ್ಳಿಯ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಕ್ರೈಸ್ತ ದೇಶಗಳಲ್ಲಿ ಒಬ್ಬನನ್ನು ಬಯ್ಯಲು ಅದಕ್ಕಿಂತ ಕೆಟ್ಟ ಮಾತಿಲ್ಲ. ಡಿಲನ್ನನೂ ಸುಮ್ಮನಿರಲಿಲ್ಲ, ನಿನ್ನ ಮಾತನ್ನು ನಂಬುವುದಿಲ್ಲ, ನೀನು ಸುಳ್ಳುಗಾರ ಎಂದು ಮೈಕಿನಲ್ಲಿಯೇ ಉತ್ತರ ಕೊಟ್ಟು, ಜೊತೆಯ ವಾದ್ಯಗಾರರೊಡನೆ ಇನ್ನಷ್ಟು ಜೋರಾಗಿ ಬಾರಿಸತೊಡಗಿದ.

ಅವನು ಮಾಡಿದ ಅಪರಾಧವೇನು? ಮರದ ಗಿಟಾರನ್ನು ಕೆಳಗಿಟ್ಟು ವಿದ್ಯುತ್ತಿನ ಗಿಟಾರನ್ನು ಕೈಗೆತ್ತಿಕೊಂಡಿದ್ದ, ಅಷ್ಟೆ.

ಅಷ್ಟಕ್ಕೇ ಇಷ್ಟು ರಂಪವೇ ಎಂದು ನಮ್ಮ ವಾಚಕರು ನಗಬಹುದು. ಪಾಳಿ ಮುಗಿಸಿ ಬಂದ ಗಿರಣಿಯ ಆಳಿಗೆ, ದಿನದ ಲೆಕ್ಕ ತಾಳೆಯಾಗದೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಅಂಗಡಿಕಾರನಿಗೆ, ಅಮೆರಿಕದವನ ಗಿಟಾರಿನಿಂದ ಆಗಬೇಕಾದ್ದೇನು ಎಂದು ಕೇಳಲೂಬಹುದು. ಆದರೆ ಆ ಜಗಳ ಅಂದಿನಿಂದ ಇಂದಿನವರೆಗೆ ಆರಿಲ್ಲ. ಈ ಕಾಲದಲ್ಲಿ ಹಾಡು ಕಟ್ಟಿದವರಲ್ಲಿ ಇವನ ಸಮಾನರಿಲ್ಲ ಎನ್ನುವವರು ಒಂದು ಕಡೆ. ಇವನದೊಂದು ದನಿಯೇ, ಮೂಗಿನಲ್ಲಿ ಕೊರಗುವ ಈ ಗೊಗ್ಗರಿಗೆ ಸಂಗೀತವೆಂಬ ಹೆಸರೇ ಎನ್ನುವವರು ಇನ್ನೊಂದು ಕಡೆ. ನಮ್ಮವನಾಗಿದ್ದ, ಕೈಕೊಟ್ಟು ಹೋದ ಎನ್ನುವವರು ಮತ್ತೊಂದು ಕಡೆ. ಮೊದಲಿನ ಇಬ್ಬರ ವ್ಯಾಜ್ಯ ರುಚಿಯದು. ಅದನ್ನು ಅವರವರಿಗೇ ಬಿಡೋಣ. ಮೂರನೆಯವರ ದೂರು ಮಾತ್ರ ನಮಗೆ ಸಂಬಂಧಪಟ್ಟದ್ದು. ಏಕೆಂದರೆ ಕೈಕೊಟ್ಟ ಎನ್ನಬೇಕಾದರೆ ಮೊದಲು ಕೈಹಿಡಿದಿರಬೇಕಷ್ಟೆ. ಅವನು ಹಿಡಿದಿದ್ದ ಕೈ ದುಡಿಯುವವರದು.

ಹುಟ್ಟು ಹೆಸರು ರಾಬರ್ಟ್ ಜಿಮ್ಮರ್‌ಮನ್. 1941ರಲ್ಲಿ ಅಮೆರಿಕದ ಉತ್ತರ ಗಡಿಯ ಮಿನೆಸೋಟ ರಾಜ್ಯದಲ್ಲಿ ಹುಟ್ಟಿ, ಹಿಬ್ಬಿಂಗ್ ಎಂಬ ಕಬ್ಬಿಣದ ಅದಿರಿನ ಊರಿನಲ್ಲಿ ಬೆಳೆದ. ಆ ಊರಿನ ಕಥೆಯೇ ಒಂದು ಪಾಠ. ಮನೆಗಳ ಕೆಳಗೇ ಅದಿರು ಇದೆಯೆಂದು ತಿಳಿದಾಗ ಅದನ್ನು ಬಿಡಲೊಲ್ಲದ ಗಣಿಯವರು ಮನೆ, ಮಳಿಗೆಗಳ ಸಮೇತ ಊರನ್ನೇ ಸರಿಸಿ ಆಚೆಗೆ ಇಟ್ಟರು! 1916ರಲ್ಲಿ ಅಲ್ಲಿಯ ಗಣಿ ಕೂಲಿಗಳು ದೊಡ್ಡ ಮುಷ್ಕರ ಹೂಡಿದ್ದರು. ಇಂಥ ಊರಿನಲ್ಲಿ ಹುಡುಗನ ತಂದೆ ತನ್ನ ಸೋದರರೊಡನೆ ವಿದ್ಯುತ್ ಸಾಮಾನು ಮತ್ತು ಪೀಠೋಪಕರಣಗಳ ಅಂಗಡಿ ನಡೆಸುತ್ತಿದ್ದ. ಗಣಿ ನಡೆದರೆ ಅಂಗಡಿ ನಡೆಯುತ್ತದೆ, ಗಣಿ ನಿಂತರೆ ಉದ್ರಿ ಪುಸ್ತಕ ದಪ್ಪವಾಗುತ್ತದೆ ಎಂಬ ಸಂಗತಿಯನ್ನು ಅಂಥ ಊರಿನ ಅಂಗಡಿಕಾರನ ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ 1964ರಲ್ಲಿ ಹೊರಬಂದ ಪ್ಲೇಟಿನಲ್ಲಿ ಅವನು ಇದನ್ನೇ ಹಾಡಿದ. ಗಣಿ ಮುಚ್ಚಿದ ಊರಿನ ಹೆಂಗಸೊಬ್ಬಳು ತನ್ನ ಕಥೆ ಹೇಳುವ ಹಾಡು ಅದು. ದಕ್ಷಿಣ ಅಮೆರಿಕದಲ್ಲಿ ಕೂಲಿ ಬಹು ಅಗ್ಗ, ಅಲ್ಲಿಯ ಅದಿರು ನಿಮ್ಮದಕ್ಕಿಂತ ಸೋವಿ ಎಂದು ಗಣಿಯವರು ಹೇಳುತ್ತಾರೆ, ಗಂಡ ಮನೆ ಬಿಟ್ಟು ಹೋಗುತ್ತಾನೆ, ಮಕ್ಕಳೂ ಹೋಗುವವರೇ. ಯಾರನ್ನೂ ಬಯ್ಯದೆ, ಯಾವ ಘೋಷಣೆಯನ್ನೂ ಕೂಗದೆ ಆ ಹಾಡು ಮುಗಿಯುತ್ತದೆ. ಮಿಲ್ಲಿನ ಬಾಗಿಲಿಗೆ ಬೀಗಮುದ್ರೆ ಬಿದ್ದ ಯಾವ ಊರಿನವರಿಗಾದರೂ ಅದು ಅರ್ಥವಾಗುತ್ತದೆ.

1961ರ ಜನವರಿಯಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ ನ್ಯೂಯಾರ್ಕಿಗೆ ಬಂದ. ಅಲೆಮಾರಿ ಕೂಲಿಗಳ, ಒಕ್ಕಲೆಬ್ಬಿಸಲ್ಪಟ್ಟ ರೈತರ ಹಾಡುಗಾರನಾಗಿದ್ದ ವುಡಿ ಗಥ್ರಿ ಆಗ ವಾಸಿಯಾಗದ ರೋಗದಿಂದ ಆಸ್ಪತ್ರೆಯಲ್ಲಿ ಮಲಗಿದ್ದ. ಹುಡುಗ ಅವನನ್ನು ಹುಡುಕಿಕೊಂಡು ಹೋಗಿ ಅವನ ಹಾಡುಗಳನ್ನೇ ಅವನಿಗೆ ಹಾಡಿ ತೋರಿಸಿದ. ಅಮೆರಿಕದಲ್ಲಿ ಎಡಪಂಥದವರು ಸರಕಾರದ ಕಾಟದಿಂದ ನಲುಗಿಹೋಗಿದ್ದ ಕಾಲ ಅದು. ಹಾಡುಗಾರ ಪೀಟ್ ಸೀಗರ್ 1955ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ತನ್ನ ಗೆಳೆಯರ, ತನ್ನ ನಂಬಿಕೆಗಳ ವಿಷಯ ಬಾಯಿಬಿಡಲು ಒಪ್ಪದೆ, 1961ರಲ್ಲಿ ಒಂದು ವರ್ಷದ ಸಜೆಗೆ ಗುರಿಯಾದ. ಮರುವರ್ಷ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಸಭೆ ಸೇರಿದರೆ ಗುಮಾನಿ, ಕರಪತ್ರ ಹಂಚಿದರೆ ಗುಮಾನಿ. ಹಾಡೊಂದೇ ಉಳಿದಿದ್ದ ಬಾಗಿಲು. ಆ ಬಾಗಿಲಿನಲ್ಲಿ ಈ ಹುಡುಗ ಬಂದು ನಿಂತಾಗ ಹಿರಿಯರೆಲ್ಲ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರೆಂದರೆ ಸೋಜಿಗವೇನು?

ಹಾಡುಗಳೂ ಹಾಗೆಯೇ ಇದ್ದವು. 1963ರ ಜೂನಿನಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಮೆಡ್ಗರ್ ಎವರ್ಸ್ ಎಂಬ ಕರಿಯ ಜನನಾಯಕನನ್ನು ಅವನ ಮನೆಯ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಮುಂದಿನ ತಿಂಗಳೇ ಡಿಲನ್ ಅದೇ ರಾಜ್ಯದ ಗ್ರೀನ್‌ವುಡ್ ಬಳಿ, ಕರಿಯರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿಯ ಸಭೆಯಲ್ಲಿ, ಆ ಕೊಲೆಯ ಬಗೆಗೆ ಹಾಡಿದ. ಹಾಡಿನ ಮಾತು ಇದು: ಗುಂಡು ಹೊಡೆದ ಬಡ ಬಿಳಿಯ ಕೇವಲ ಚದುರಂಗದ ಕಾಯಿ, ನೀನು ಕರಿಯನಿಗಿಂತ ಮೇಲು ಎಂದು ಅವನ ಕಿವಿಯೂದಿ, ಅವನ ಬಡತನವನ್ನು ಅವನಿಗೇ ಮರೆಯಿಸಿ, ಅದರ ಮೇಲೆ ಓಟು ಗಿಟ್ಟಿಸುವವರು ಬೇರೆ ಇದ್ದಾರೆ. ಇಪ್ಪತ್ತೆರಡರ ಹುಡುಗ ಇಷ್ಟನ್ನು ಕಂಡಿದ್ದ. ಜಾತಿಯ ಹೆಸರಿನಲ್ಲಿ ಬಡವನನ್ನು ಬಡವನ ಮೇಲೆ ಎತ್ತಿಕಟ್ಟುವುದನ್ನು ನೋಡಿರುವ ನಮಗೆ ಇದರ ವಿವರಣೆ ಬೇಕಾಗಿಲ್ಲ. ಆಗಸ್ಟ್ 28ರಂದು ವಾಷಿಂಗ್ಟನ್ನಿನ ಮಹಾ ಮೆರವಣಿಗೆಯಲ್ಲಿಯೂ ಅವನು ಇದೇ ಹಾಡನ್ನು ಹಾಡಿದ.

ಅದೇ ದಿನ ಇನ್ನೊಂದು ಘಟನೆ ನಡೆಯಿತು. ಬಾಲ್ಟಿಮೋರ್ ನಗರದ ಹೋಟೆಲೊಂದರಲ್ಲಿ ಹ್ಯಾಟಿ ಕ್ಯಾರಲ್ ಎಂಬ 51 ವರ್ಷದ ಕರಿಯ ಹೆಂಗಸು ಪಾನೀಯ ಕೊಡುವ ಕೆಲಸಕ್ಕಿದ್ದಳು. ಆ ವರ್ಷ ಫೆಬ್ರವರಿಯ ಒಂದು ರಾತ್ರಿ, ಹೊಗೆಸೊಪ್ಪಿನ ತೋಟದ ಒಡೆಯ ವಿಲಿಯಂ ಜಾಂಟ್ಸಿಂಗರ್ ಎಂಬ 24ರ ತರುಣ ಕುಡಿದು ಬಂದು, ಕೇಳಿದ ಪಾನೀಯ ತಡವಾಯಿತೆಂದು ಕೈಯ ಬೆತ್ತದಿಂದ ಅವಳನ್ನು ಹೊಡೆದ. ಬೆಳಗ್ಗೆ ಅವಳು ತೀರಿಕೊಂಡಳು. ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನ ಸೇರಿದ್ದ ಆ ಆಗಸ್ಟ್ 28ರಂದೇ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು: ಆರು ತಿಂಗಳು. ಅದೂ ಹೊಗೆಸೊಪ್ಪಿನ ಕೊಯ್ಲು ಮುಗಿಸಿಕೊಂಡು ಬರಲಿ ಎಂದು ಸೆಪ್ಟೆಂಬರಿನವರೆಗೆ ಅವಕಾಶ ಕೊಟ್ಟು! ಡಿಲನ್ ಇದನ್ನು ಹಾಡು ಮಾಡಿದ. ಆ ಹಾಡಿನಲ್ಲಿ ಅವಳು ಕರಿಯಳೆಂದಾಗಲಿ ಅವನು ಬಿಳಿಯನೆಂದಾಗಲಿ ಒಂದು ಮಾತೂ ಇಲ್ಲ. ಅವಳು ಏನು ಕೆಲಸ ಮಾಡುತ್ತಿದ್ದಳು, ಯಾರ ಎಂಜಲು ಎತ್ತುತ್ತಿದ್ದಳು, ಅವನಿಗೆ ಎಷ್ಟು ಆಸ್ತಿ ಇತ್ತು ಎಂಬುದಷ್ಟೇ ಇದೆ. ಕೇಳುವವನಿಗೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಇಂಥ ಹಾಡುಗಳನ್ನು ಕಟ್ಟಿದವನು ಮುಂದಿನ ವರ್ಷವೇ ಕಟ್ಟುವುದನ್ನು ನಿಲ್ಲಿಸಿದ. 1964ರಲ್ಲಿ ಬಂದ ಅವನ ಎರಡನೆಯ ಪ್ಲೇಟಿನಲ್ಲಿ ಪ್ರೇಮ, ವಿರಹ, ಸ್ವಂತದ ತಳಮಳ ಇವೇ ತುಂಬಿದ್ದವು. 'ಸಿಂಗ್ ಔಟ್!' ಎಂಬ ಜನಪದ ಗೀತೆಗಳ ಪತ್ರಿಕೆಯ ಸಂಪಾದಕ ಅರ್ವಿನ್ ಸಿಲ್ಬರ್ ಆ ವರ್ಷದ ಕೊನೆಯಲ್ಲಿ ಅವನಿಗೊಂದು ಬಹಿರಂಗ ಪತ್ರ ಬರೆದ: ನೀನು ಜನರಿಂದ ದೂರವಾಗುತ್ತಿದ್ದೀಯೆ, ನಿನ್ನೊಳಗೇ ನೋಡಿಕೊಳ್ಳುತ್ತಿದ್ದೀಯೆ ಎಂದು. ಗಮನಿಸಬೇಕಾದ ಸಂಗತಿ ಏನೆಂದರೆ, ಆ ಪತ್ರ ಬಂದಾಗ ಡಿಲನ್ನನ ಕೈಯಲ್ಲಿ ಇನ್ನೂ ಮರದ ಗಿಟಾರೇ ಇತ್ತು. ವಿದ್ಯುತ್ತಿನ ಮಾತೇ ಇರಲಿಲ್ಲ. ಜಗಳದ ನಿಜವಾದ ಬೇರು ಇಲ್ಲಿದೆ. ವಾದ್ಯ ಅದಕ್ಕೆ ಆಮೇಲೆ ಅಂಟಿಕೊಂಡ ನೆಪ.

1965ರ ಜುಲೈ 25ರಂದು ನ್ಯೂಪೋರ್ಟ್ ಎಂಬಲ್ಲಿಯ ಜನಪದ ಗೀತೋತ್ಸವಕ್ಕೆ ಅವನು ವಿದ್ಯುತ್ ವಾದ್ಯಗಳ ಮೇಳದೊಡನೆ ಬಂದ. ಮೂರು ಹಾಡು ಮುಗಿಸಿ ಇಳಿದುಹೋದ. ಜನ ಕೂಗಾಡಿದರು. ಅವರು ಕೂಗಿದ್ದು ವಾದ್ಯಕ್ಕೋ, ಮಾತೇ ಕೇಳದಂತೆ ಮಾಡಿದ ಕೆಟ್ಟ ಧ್ವನಿವರ್ಧಕಕ್ಕೋ, ಇವನೊಬ್ಬನಿಗಾಗಿ ದೂರದಿಂದ ಬಂದವರಿಗೆ ಮೂರೇ ಹಾಡೇ ಎಂಬುದಕ್ಕೋ, ಅಲ್ಲಿದ್ದವರೇ ಇಂದಿನವರೆಗೆ ಒಮ್ಮತಕ್ಕೆ ಬಂದಿಲ್ಲ. ಚಪ್ಪಾಳೆ ತಟ್ಟಿದವರೂ ಇದ್ದರು. ಕೊನೆಗೆ ಮರದ ಗಿಟಾರು ಹಿಡಿದು ಮರಳಿ ಬಂದು ಎರಡು ಹಾಡು ಹಾಡಿದ. ಪೀಟ್ ಸೀಗರ್ ಕೊಡಲಿ ಹಿಡಿದು ತಂತಿ ಕಡಿಯಲು ಹೊರಟಿದ್ದನೆಂಬ ಕಥೆ ಹಬ್ಬಿತು. ಕೊಡಲಿ ಇದ್ದಿದ್ದರೆ ಕಡಿಯುತ್ತಿದ್ದೆ ಎಂದು ತಾನು ಹೇಳಿದ್ದು ನಿಜ, ಆದರೆ ಅದು ಹಾಡಿನ ಮಾತು ಕೇಳಿಸುತ್ತಿರಲಿಲ್ಲ ಎಂಬ ಸಿಟ್ಟಿನಿಂದ ಎಂದು ಸೀಗರ್ ಆಮೇಲೆ ಸ್ಪಷ್ಟಪಡಿಸಿದ. ಅವನಿಗೆ ಕೇಳಿಸದೆ ಹೋದ ಹಾಡು ಯಾವುದು ಗೊತ್ತೇ? ಒಡತಿಯ ಹೊಲದಲ್ಲಿ ಇನ್ನು ದುಡಿಯಲಾರೆ ಎಂದು ಕೂಲಿಯವನೊಬ್ಬ ಕೈಕೊಡವಿ ಎದ್ದುನಿಲ್ಲುವ ಹಾಡು! ಚಿಲ್ಲರೆ ಕಾಸಿನ ಸಂಬಳ, ಮಾತೆತ್ತಿದರೆ ದಂಡ, ಎಲ್ಲವೂ ಅದರಲ್ಲಿ ಇದೆ.

ಇನ್ನು ವಾದ್ಯದ ವಿಷಯ. ಇಲ್ಲಿ ಆಗಿನ ಶುದ್ಧವಾದಿಗಳೊಡನೆ ನಮ್ಮ ಒಪ್ಪಿಗೆ ಇಲ್ಲ. ಮರದ ಗಿಟಾರು ಜನರದು, ವಿದ್ಯುತ್ತಿನದು ಬಂಡವಾಳಗಾರರದು ಎಂಬುದು ಕಾಲೇಜಿನ ಹುಡುಗರು ಕಟ್ಟಿಕೊಂಡ ಸಿದ್ಧಾಂತ. ಮಿಸಿಸಿಪಿಯ ಹತ್ತಿ ತೋಟಗಳಲ್ಲಿ ದುಡಿಯುತ್ತಿದ್ದ ಕರಿಯರು ಸಾವಿರ ಸಾವಿರವಾಗಿ ಉತ್ತರಕ್ಕೆ ವಲಸೆ ಬಂದು ಷಿಕಾಗೋದ ಕಾರ್ಖಾನೆಗಳಲ್ಲಿ ಕೂಲಿ ಹಿಡಿದಾಗ, ಅವರೊಡನೆ ಅವರ ಹಾಡೂ ಬಂತು. ಮಡ್ಡಿ ವಾಟರ್ಸ್ ಎಂಬ ಪ್ರಸಿದ್ಧ ಹಾಡುಗಾರ 1943ರಲ್ಲಿ ಹಾಗೆ ಬಂದವನು. ಹಗಲು ಕಾಗದದ ಕಾರ್ಖಾನೆಯ ಕೆಲಸ, ರಾತ್ರಿ ಹೆಂಡದಂಗಡಿಯಲ್ಲಿ ಹಾಡು. ದಣಿದು ಬಂದ ನೂರು ಜನ ಕುಡಿದು ಮಾತಾಡುವ ಗದ್ದಲದಲ್ಲಿ ಮರದ ಗಿಟಾರು ಯಾರಿಗೆ ಕೇಳಿಸೀತು? ಆದ್ದರಿಂದ ಅವನು ವಿದ್ಯುತ್ ಗಿಟಾರು ಹಿಡಿದ. ನೂರು ಮಗ್ಗಗಳು ಒಟ್ಟಿಗೆ ಬಡಿಯುವಲ್ಲಿ ಮಾತನಾಡಬೇಕಾದರೆ ದನಿ ಎಷ್ಟು ಎತ್ತಬೇಕೆಂದು ನಮ್ಮ ಗಿರಣಿಯ ಬಂಧುಗಳಿಗೆ ಗೊತ್ತು. ನ್ಯೂಪೋರ್ಟಿನಲ್ಲಿ ಡಿಲನ್ನನ ಹಿಂದೆ ನಿಂತು ನುಡಿಸಿದ ಸ್ಯಾಮ್ ಲೇ, ಜೆರೋಮ್ ಆರ್ನಲ್ಡ್ ಎಂಬಿಬ್ಬರು ಷಿಕಾಗೋದ ಕರಿಯ ವಾದ್ಯಗಾರರು, ಹೌಲಿನ್ ವುಲ್ಫ್ ಎಂಬವನ ಮೇಳದಲ್ಲಿ ಪಳಗಿದವರು. ಜನರ ಹೆಸರಿನಲ್ಲಿ ಕೂಗಿದವರು ಕೂಗಿದ್ದು ಯಾರ ಮೇಲೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. 1965ರ ಅಮೆರಿಕದಲ್ಲಿ ಕಾರ್ಖಾನೆಯ ಕೂಲಿಕಾರ ಸಂಜೆ ಕೇಳುತ್ತಿದ್ದದ್ದು ವಿದ್ಯುತ್ ಗಿಟಾರನ್ನು. ಮರದ ಗಿಟಾರನ್ನು ಭಕ್ತಿಯಿಂದ ಕೇಳುತ್ತಿದ್ದವರು ಹೆಚ್ಚಾಗಿ ಓದಿದ ಮನೆಗಳ ಮಕ್ಕಳು. ಹಿಬ್ಬಿಂಗಿನ ಶಾಲೆಯಲ್ಲಿದ್ದಾಗಲೇ ಡಿಲನ್ ಅಂಥ ಗದ್ದಲದ ಮೇಳ ಕಟ್ಟಿಕೊಂಡಿದ್ದವನು. ಅವನು ಹೊಸದಕ್ಕೆ ಹಾರಿದ ಎನ್ನುವುದಕ್ಕಿಂತ ಹಳೆಯದಕ್ಕೆ ಮರಳಿದ ಎಂದರೆ ಸತ್ಯಕ್ಕೆ ಹತ್ತಿರ.

ಹಾಗಾದರೆ ಕೂಗಿದವರೆಲ್ಲ ಮೂಢರೇ? ಇಂದು ಹಾಗೆ ಹೇಳುವುದೇ ರೂಢಿಯಾಗಿದೆ. ಡಿಲನ್ನನ ಚರಿತ್ರೆ ಬರೆಯುವವರೆಲ್ಲ ಅವರನ್ನು ಕಾಲದ ಹರಿವು ತಿಳಿಯದ ಸಂಪ್ರದಾಯಸ್ಥರೆಂದು ನಗೆಯಾಡುತ್ತಾರೆ. ಗೆದ್ದವನ ಚರಿತ್ರೆಯಲ್ಲಿ ಸೋತವನಿಗೆ ಯಾವಾಗಲೂ ಕೋಡಂಗಿಯ ವೇಷ. ನಮಗೆ ಮಾತ್ರ ಆ ಸಭಿಕರ ಪರವಾಗಿ ಎರಡು ಮಾತು ಹೇಳಬೇಕೆನಿಸುತ್ತದೆ. ಅದಕ್ಕೆ ಆ ಮ್ಯಾಂಚೆಸ್ಟರ್ ಭವನಕ್ಕೇ ಹಿಂದಿರುಗಬೇಕು.

ಮ್ಯಾಂಚೆಸ್ಟರ್ ಎಂದರೆ ಹತ್ತಿ ಗಿರಣಿಗಳ ತವರು. ನಮ್ಮ ದಾವಣಗೆರೆಯಲ್ಲಿ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದದ್ದು ಈ ಊರಿನ ಮೇಲಿಂದಲೇ. ಫ್ರೀ ಟ್ರೇಡ್ ಹಾಲ್ ನಿಂತಿರುವ ನೆಲದಲ್ಲಿ 1819ರ ಆಗಸ್ಟ್ 16ರಂದು, ನಮಗೂ ಓಟಿನ ಹಕ್ಕು ಬೇಕೆಂದು ಸುಮಾರು ಅರವತ್ತು ಸಾವಿರ ನೇಕಾರರೂ ಕೂಲಿಗಳೂ ಹೆಂಡಿರು ಮಕ್ಕಳೊಡನೆ ಸೇರಿದ್ದರು; ಕುದುರೆ ಸವಾರರು ಕತ್ತಿ ಹಿರಿದು ಅವರ ಮೇಲೆ ನುಗ್ಗಿ ಹದಿನೈದಕ್ಕೂ ಕಡಮೆಯಿಲ್ಲದಷ್ಟು ಜನರನ್ನು ಕೊಂದರು. ಮುಂದೆ ಅಲ್ಲಿ ಭವನವನ್ನೆಬ್ಬಿಸಿದವರು ವ್ಯಾಪಾರಿ ವರ್ಗದವರು. ಆದರೆ ಅದರ ಉಪಯೋಗ ಕೇವಲ ಅವರದಾಗಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ಬರುವುದು ನಿಂತು ಗಿರಣಿಗಳು ಮುಚ್ಚಿ ಮನೆಮನೆಯಲ್ಲೂ ಉಪವಾಸವಿದ್ದಾಗ, 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ದುಡಿಯುವ ಜನ ಇದೇ ಭವನದಲ್ಲಿ ಸಭೆ ಸೇರಿ, ಗುಲಾಮಗಿರಿಯನ್ನು ಅಳಿಸಲು ಹೊರಟ ಅಧ್ಯಕ್ಷ ಲಿಂಕನ್ನನಿಗೆ ತಮ್ಮ ಬೆಂಬಲ ಸಾರಿದರು. ಲಿಂಕನ್ ಅವರಿಗೆ ಉತ್ತರ ಬರೆದ. (ಆ ಹತ್ತಿಯ ಬರದ ದಿನಗಳಲ್ಲೇ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದದ್ದು; ಒಬ್ಬರ ಉಪವಾಸ ಇನ್ನೊಬ್ಬರ ಸುಗ್ಗಿ.) 1905ರಲ್ಲಿ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಮತ್ತು ಹತ್ತರ ವಯಸ್ಸಿನಲ್ಲೇ ಗಿರಣಿ ಸೇರಿದ್ದ ಆ್ಯನಿ ಕೆನ್ನಿ ಇಲ್ಲಿಯೇ ಎದ್ದುನಿಂತು, ಹೆಂಗಸರಿಗೆ ಓಟು ಯಾವಾಗ ಕೊಡುವಿರಿ ಎಂದು ಲಿಬರಲ್ ಮುಖಂಡರನ್ನು ಕೂಗಿ ಕೇಳಿದರು, ಅವರನ್ನು ಎಳೆದು ಹೊರಹಾಕಿ ಬಂಧಿಸಲಾಯಿತು.

ವೇದಿಕೆಯ ಮೇಲಿರುವವನನ್ನು ಕೆಳಗಿರುವವರು ಕೂಗಿ ಪ್ರಶ್ನಿಸುವುದು ಆ ಭವನದ ಸಂಪ್ರದಾಯ. ಟಿಕೆಟ್ಟು ಕೊಂಡವನು ಬರಿಯ ಗಿರಾಕಿ, ಕೊಟ್ಟದ್ದನ್ನು ತೆಗೆದುಕೊಂಡು ಮನೆಗೆ ಹೋಗತಕ್ಕವನು ಎಂಬ ನಂಬಿಕೆ ಅಲ್ಲಿ ಬೆಳೆದಿರಲಿಲ್ಲ. 1966ರಲ್ಲಿ ಕೂಗಿದವರು ಕಾರ್ಯಕ್ರಮದ ಮೊದಲರ್ಧ, ಅಂದರೆ ಡಿಲನ್ ಒಬ್ಬನೇ ಮರದ ಗಿಟಾರಿನೊಡನೆ ಹಾಡಿದಷ್ಟು ಹೊತ್ತು, ಉಸಿರು ಬಿಗಿಹಿಡಿದು ಕೇಳಿದವರು. ಅವನ ಹಾಡುಗಳನ್ನು ಬಾಯಿಪಾಠ ಮಾಡಿದವರು, ಅಣುಬಾಂಬಿನ ವಿರುದ್ಧದ ಮೆರವಣಿಗೆಗಳ ಕಾಲದಲ್ಲಿ ಬೆಳೆದವರು. ಸಾಮಾನ್ಯ ಗಿರಾಕಿಗೆ ಮಾಲು ಹಿಡಿಸದಿದ್ದರೆ ಅಂಗಡಿ ಬದಲಿಸುತ್ತಾನೆ. ದ್ರೋಹಿ ಎಂದು ಕೂಗುವುದಿಲ್ಲ. ದ್ರೋಹಿ ಎನ್ನುವವನು ತಾನು ಇವನೊಡನೆ ಒಂದೇ ಕೆಲಸದಲ್ಲಿ ಜೊತೆಗಾರ ಎಂದು ನಂಬಿದವನು. ಆ ನಂಬಿಕೆಯನ್ನು ಹಾಸ್ಯ ಮಾಡಲು ನಮಗೆ ಮನಸ್ಸು ಬರುವುದಿಲ್ಲ. ಅವರ ಕೇಳಿಕೆ ನ್ಯಾಯವಾಗಿತ್ತು: ಹ್ಯಾಟಿ ಕ್ಯಾರಲಳ ಹಾಡು ಕಟ್ಟಬಲ್ಲವನು ಅಂಥ ಇನ್ನೊಂದನ್ನು ಏಕೆ ಕಟ್ಟುತ್ತಿಲ್ಲ? ಆದರೆ ಬಾಯಿಗೆ ಬಂದದ್ದು ಗಿಟಾರಿನ ಮಾತು. ತಪ್ಪು ಪ್ರಶ್ನೆ ಕೇಳಿದ್ದರಿಂದ ಡಿಲನ್ ಉತ್ತರ ಕೊಡುವ ಕಷ್ಟದಿಂದ ಪಾರಾದ. ಅದೇ ಪ್ರಾಂತ್ಯದ ಸಾಲ್ಫೋರ್ಡಿನವನೂ ಅಚ್ಚು ಹೊಯ್ಯುವ ಕೆಲಸಗಾರನ ಮಗನೂ ಆದ ಈವನ್ ಮೆಕಾಲ್, ಡಿಲನ್ನನದು ಸಾಧಾರಣ ಪ್ರತಿಭೆಯೆಂದೇ ಬರೆದುಬಿಟ್ಟ, ಅದು ಅತಿ. ಸಿಟ್ಟಿನಲ್ಲಿ ತಕ್ಕಡಿ ಹಿಡಿಯಬಾರದು.

ಇನ್ನೊಂದು ವಿನೋದವನ್ನು ಹೇಳಬೇಕು. ಆ ರಾತ್ರಿಯ ಗದ್ದಲ ಟೇಪಿಗೆ ಇಳಿದಿತ್ತು. ಮೊದಲು ಕಳ್ಳಮಾಲಾಗಿ, ಅದೂ ಲಂಡನ್ನಿನ ಬೇರೊಂದು ಭವನದ ಹೆಸರಿನಲ್ಲಿ, ವರ್ಷಗಟ್ಟಲೆ ಕೈಯಿಂದ ಕೈಗೆ ಮಾರಾಟವಾಯಿತು. 1998ರಲ್ಲಿ ಕೊಲಂಬಿಯಾ ಕಂಪನಿಯೇ ಅದನ್ನು ಅಧಿಕೃತವಾಗಿ ಹೊರತಂದಿತು. 2024ರಲ್ಲಿ ಬಂದ ಡಿಲನ್ನನ ಜೀವನದ ಚಲನಚಿತ್ರವೂ ಈ ಜಗಳದ ಮೇಲೆಯೇ ನಿಂತಿದೆ. ಕೂಗಿದವನ ಸಿಟ್ಟನ್ನೂ ಪೆಟ್ಟಿಗೆಯಲ್ಲಿ ಹಾಕಿ ಬೆಲೆಚೀಟಿ ಅಂಟಿಸಿ ಮಾರುವ ಜಾಣತನ ಬಂಡವಾಳಕ್ಕೆ ಇದೆ. ಭವನವೂ ಉಳಿದಿಲ್ಲ, ಅದರ ಮುಂಭಾಗದ ಗೋಡೆಗಳ ಹಿಂದೆ ಈಗ ಶ್ರೀಮಂತರು ತಂಗುವ ಹೋಟೆಲಿದೆ.

ಅಲ್ಲಿಂದಾಚೆಯ ಡಿಲನ್ನನನ್ನು ಒಂದು ಪಕ್ಷದ ಲೆಕ್ಕಕ್ಕೆ ಹಿಡಿಯುವುದು ಸಾಧ್ಯವೇ ಇಲ್ಲ. ಚಳವಳಿ ಬಿಟ್ಟ ಎಂದುಕೊಂಡವರಿಗೆ 1971ರಲ್ಲಿ ಜೈಲಿನಲ್ಲಿ ಗುಂಡಿಗೆ ಬಲಿಯಾದ ಕರಿಯ ಕೈದಿಯ ಮೇಲೆ, 1975ರಲ್ಲಿ ಸುಳ್ಳು ಕೊಲೆ ಮೊಕದ್ದಮೆಯಲ್ಲಿ ಸಿಕ್ಕಿದ್ದ ಮುಷ್ಟಿಕಾಳಗದ ರೂಬಿನ್ ಕಾರ್ಟರನ ಮೇಲೆ ಹಾಡು ಕೊಟ್ಟ. (ಕಾರ್ಟರನ ಶಿಕ್ಷೆ 1985ರಲ್ಲಿ ರದ್ದಾಯಿತು.) 1971ರ ಆಗಸ್ಟಿನಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಕಾರ್ಯಕ್ರಮದಲ್ಲಿ ಬಂದು ಹಾಡಿದ. 1979ರಲ್ಲಿ ಇದ್ದಕ್ಕಿದ್ದಂತೆ ಕ್ರಿಸ್ತಭಕ್ತನಾಗಿ, ಹಳೆಯ ಹಾಡು ಒಂದನ್ನೂ ಹಾಡದೆ ಬರಿಯ ಭಜನೆ ಹಾಡತೊಡಗಿದಾಗ ಮತ್ತೆ ಕೂಗಾಟ! ಈ ಸಲ ಕೂಗಿದವರು ಹಿಂದೆ ವಿದ್ಯುತ್ ಗಿಟಾರಿಗೆ ಚಪ್ಪಾಳೆ ತಟ್ಟಿದ ಪಂಗಡ. 1983ರಲ್ಲಿ, ತೊಡುವ ಅಂಗಿ, ಮೆಟ್ಟುವ ಜೋಡು ಎಲ್ಲವೂ ಕೂಲಿ ಅಗ್ಗವಾದ ದೇಶಗಳಿಂದ ಬರುತ್ತಿವೆ, ಅಮೆರಿಕದ ಕೆಲಸಗಾರನ ಬಾಳು ಮುಳುಗುತ್ತಿದೆ ಎಂದು ಹಾಡಿದ. ಆ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ಯೂನಿಯನ್ನುಗಳನ್ನೂ ಅದರಲ್ಲಿ ಬಿಡದೆ ಬಯ್ದಿದ್ದಾನೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹಿಬ್ಬಿಂಗಿನ ಹಾಡಿನಲ್ಲಿ ದಕ್ಷಿಣ ಅಮೆರಿಕದ ಕೂಲಿಯ ಸಂಕಟಕ್ಕೂ ಒಂದು ಜಾಗವಿತ್ತು. ಇಲ್ಲಿ ಅದು ತೆಳುವಾಗಿದೆ. 1985ರ ಜುಲೈಯಲ್ಲಿ ಇಥಿಯೋಪಿಯದ ಕ್ಷಾಮ ಪರಿಹಾರಕ್ಕಾಗಿ ನಡೆದ ಜಗದ್ವ್ಯಾಪಿ ಕಾರ್ಯಕ್ರಮದಲ್ಲಿ, ಕೂಡಿದ ಹಣದಲ್ಲಿ ಸ್ವಲ್ಪ ನಮ್ಮ ರೈತರ ಅಡಮಾನದ ಸಾಲಕ್ಕೂ ಹೋಗಲಿ ಎಂದುಬಿಟ್ಟ. ಹೊತ್ತು ಗೊತ್ತಿಲ್ಲದ ಮಾತೆಂದು ಬಹಳ ಜನ ಮುನಿದರು. ಆದರೆ ಆ ಮಾತಿನಿಂದಲೇ ಮೂರು ತಿಂಗಳೊಳಗೆ ರೈತರ ನೆರವಿನ ಗೀತೋತ್ಸವ ಹುಟ್ಟಿ, ವರ್ಷ ವರ್ಷ ನಡೆದುಬಂತು.

ನಿಜವಾದ ದೂರಿಗೆ ಜಾಗ ಬೇರೆಡೆ ಇದೆ. ಕಾಲ ಬದಲಾಗುತ್ತಿದೆ, ದಾರಿ ಬಿಡಿ ಎಂದು ದೊಡ್ಡವರಿಗೆ ಎಚ್ಚರಿಕೆ ಕೊಡುವ 1964ರ ಅವನ ಪ್ರಸಿದ್ಧ ಹಾಡು 1996ರಲ್ಲಿ ಕೆನಡಾದ ಒಂದು ದೊಡ್ಡ ಬ್ಯಾಂಕಿನ ಜಾಹೀರಾತಾಯಿತು. ಗಿಟಾರಿಗೆ ಕೂಗಿದವರ ಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲು ಇದಕ್ಕೆ ಕೂಗಿದ್ದು ನಮಗೆ ಕೇಳಿಸಲಿಲ್ಲ. 2022ರಲ್ಲಿ ಅವನ ಪುಸ್ತಕದ ವಿಶೇಷ ಪ್ರತಿಗಳನ್ನು, ಸ್ವಹಸ್ತದಿಂದ ಸಹಿ ಮಾಡಿದವು ಎಂದು ಸಾರಿ, ಒಂದಕ್ಕೆ 599 ಡಾಲರಿನಂತೆ ಮಾರಿದರು. ಕೊಂಡವರು ತಮ್ಮ ತಮ್ಮ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಸಹಿ ಯಂತ್ರದ್ದು! ಪ್ರಕಾಶಕರು ಹಣ ಹಿಂದಿರುಗಿಸಿದರು. ಡಿಲನ್ ಅನಾರೋಗ್ಯವನ್ನೂ ಆ ಕಾಲದ ಅಡಚಣೆಗಳನ್ನೂ ಹೇಳಿ, ತನ್ನ ತೀರ್ಮಾನ ತಪ್ಪಾಯಿತೆಂದು ಪ್ರಕಟಣೆ ಕೊಟ್ಟ. ನಮ್ಮ ಪೇಟೆಯಲ್ಲಿ ಕೈಮಗ್ಗದ ಸೀರೆಯೆಂದು ಹೇಳಿ ಯಂತ್ರದ ಸೀರೆ ಮಾರಿದವನಿಗೆ ಏನೆನ್ನುತ್ತಾರೋ ಅದನ್ನೇ ಇಲ್ಲಿಯೂ ಅನ್ನಬೇಕು. ಕೊಟ್ಟ ಮಾಲು ಹೇಳಿದ ಮಾಲಾಗಿರಲಿಲ್ಲ.

2016ರ ನೊಬೆಲ್ ಬಹುಮಾನದ ಗಲಾಟೆ ಎಲ್ಲರಿಗೂ ನೆನಪಿರಬೇಕು. ಹಾಡು ಕಟ್ಟುವವನಿಗೆ ಸಾಹಿತ್ಯದ ಬಹುಮಾನವೇ ಎಂದು ಲೇಖಕರಲ್ಲಿ ಕೆಲವರು ಮೂಗು ಮುರಿದರು. 1913ರಲ್ಲಿ ಅದನ್ನು ಪಡೆದ ರವೀಂದ್ರನಾಥ ಠಾಕೂರರು ಹಾಡು ಕಟ್ಟಿ ರಾಗ ಹಾಕಿದವರಾಗಿರಲಿಲ್ಲವೇ? ಆ ಗಲಾಟೆಗೆ ಇಷ್ಟೇ ಉತ್ತರ ಸಾಕು. ಸುದ್ದಿ ಬಂದು ಎರಡು ವಾರ ಡಿಲನ್ ಬಾಯಿ ಬಿಡಲಿಲ್ಲ, ಸಮಾರಂಭಕ್ಕೆ ಹೋಗಲಿಲ್ಲ. ಅದು ಅವನ ಒರಟುತನ.

ಹಾಡು ಯಾರದು ಎಂಬ ಮೊದಲಿನ ಪ್ರಶ್ನೆ ಉಳಿದಿದೆ. ಕಾನೂನಿನ ಉತ್ತರ ಸುಲಭ: 2020ರ ಡಿಸೆಂಬರಿನಲ್ಲಿ ಅವನು ಆರುನೂರಕ್ಕೂ ಮೇಲ್ಪಟ್ಟ ತನ್ನ ಹಾಡುಗಳ ಹಕ್ಕನ್ನು ಯೂನಿವರ್ಸಲ್ ಎಂಬ ಕಂಪನಿಗೆ ಮಾರಿದ. ಬೆಲೆ ಮೂವತ್ತು ಕೋಟಿ ಡಾಲರಿಗೂ ಹೆಚ್ಚೆಂದು ಪತ್ರಿಕೆಗಳು ಬರೆದವು. ಆದರೆ ಅವನಿಗೆ ಮೊದಲು ಹೆಸರು ತಂದ ಗಾಳಿಯ ಹಾಡಿನ ಮಟ್ಟು, ಬಿಡುಗಡೆ ಹೊಂದಿದ ಗುಲಾಮರು ಇನ್ನು ನಮ್ಮನ್ನು ಹರಾಜಿನ ಕಟ್ಟೆಯ ಮೇಲೆ ನಿಲ್ಲಿಸಲಾರಿರಿ ಎಂದು ಹಾಡುತ್ತಿದ್ದ ಹಳೆಯ ಹಾಡಿನಿಂದ ಬಂದದ್ದು. ಒಡತಿಯ ಹೊಲದ ಹಾಡು ಗೇಣಿದಾರರ ಹಳೆಯ ಹಾಡೊಂದರ ಬೆನ್ನು ಹಿಡಿದದ್ದು. ಇದನ್ನು ಕಳವೆನ್ನುವವರಿದ್ದಾರೆ, ನಾವು ಅನ್ನುವುದಿಲ್ಲ. ಜನರ ಹಾಡು ಹೀಗೆಯೇ ಬಾಯಿಂದ ಬಾಯಿಗೆ ಬೆಳೆಯುವುದು. ಹಾಗಿದ್ದ ಮೇಲೆ, ಜನರಿಂದ ಎರವಲು ತಂದ ಮಟ್ಟು ಜನರಿಗೆ ಹಿಂದಿರುಗುವ ದಾರಿಗೆ ಸುಂಕದಕಟ್ಟೆ ಏಕೆ ಎಂಬುದು ಗಿಟಾರಿನ ಪ್ರಶ್ನೆಗಿಂತ ದೊಡ್ಡದು. ಆ ಮಾರಾಟದ ದಿನ ಯಾವ ಭವನದಲ್ಲಿಯೂ ಯಾರೂ ಎದ್ದು ಕೂಗಲಿಲ್ಲ.

ಹಾಡುಗಾರನನ್ನು ಜೀವಮಾನವಿಡೀ ಬಾವುಟದ ಕೋಲಾಗಿ ನಿಲ್ಲಿಸಲು ಹೋದದ್ದು ಚಳವಳಿಯವರ ಮೈಗಳ್ಳತನವೆಂದೂ ನಾವು ಹೇಳಬಲ್ಲೆವು. ಸಂಘ ಕಟ್ಟುವುದು, ಚಂದಾ ಎತ್ತುವುದು, ಮತದಾರರ ಪಟ್ಟಿ ಹಿಡಿದು ಬಾಗಿಲು ತಟ್ಟುವುದು ಬೇರೆಯವರ ಕೆಲಸ. ಇಪ್ಪತ್ತೆರಡರ ಹುಡುಗನೊಬ್ಬ ಹಾಡಿದರೆ ಅದೆಲ್ಲ ತಾನಾಗಿ ಆದೀತೇ? ಗ್ರೀನ್‌ವುಡ್ಡಿನಲ್ಲಿ ಅವನು ಹಾಡಿ ಹೊರಟುಹೋದ ಮೇಲೂ ಅಲ್ಲಿಯವರು ಲಾಠಿ, ನಾಯಿ, ಜೈಲು ಎಲ್ಲವನ್ನೂ ಎದುರಿಸಿ ಹೆಸರು ಬರೆಯಿಸುತ್ತಲೇ ಇದ್ದರು. ಅವರಲ್ಲಿ ಯಾರೂ ನ್ಯೂಪೋರ್ಟಿಗೆ ಹೋಗಿ ಗಿಟಾರಿನ ವಿಷಯ ಜಗಳವಾಡಿದ ದಾಖಲೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಎಂಬತ್ತು ದಾಟಿದ ಮೇಲೂ ಡಿಲನ್ ಊರೂರು ತಿರುಗಿ ಹಾಡಿದ್ದಾನೆ. ಸಭೆಯೊಡನೆ ಒಂದು ಮಾತಾಡುವುದಿಲ್ಲ, ಹಳೆಯ ಹಾಡುಗಳ ಮಟ್ಟನ್ನು ಎಷ್ಟು ಬದಲಿಸುತ್ತಾನೆಂದರೆ ಅರ್ಧ ಹಾಡು ಮುಗಿದ ಮೇಲೆ ಇದು ಯಾವುದೆಂದು ಜನಕ್ಕೆ ತಿಳಿಯುತ್ತದೆ ಎಂದು ದುಡ್ಡು ಕೊಟ್ಟವರು ಗೊಣಗುತ್ತಾರೆ. ಗೊಣಗಿಕೊಂಡೇ ಮತ್ತೆ ಹೋಗುತ್ತಾರೆ.

ಹ್ಯಾಟಿ ಕ್ಯಾರಲಳನ್ನು ಹೊಡೆದ ಜಾಂಟ್ಸಿಂಗರನ ಕಥೆ ಮಾತ್ರ ಆರು ತಿಂಗಳಿಗೆ ಮುಗಿಯಲಿಲ್ಲ. ಅವನು 1991ರಲ್ಲಿ ಮತ್ತೆ ಕೋರ್ಟಿನ ಮುಂದೆ ಬಂದ. ತನ್ನ ಕೈಬಿಟ್ಟುಹೋಗಿದ್ದ ಮುರುಕು ಮನೆಗಳಿಗೆ, ಅವು ಇನ್ನೂ ತನ್ನವೇ ಎಂಬಂತೆ, ಬಡ ಕರಿಯ ಬಾಡಿಗೆದಾರರಿಂದ ವರ್ಷಗಟ್ಟಲೆ ಬಾಡಿಗೆ ವಸೂಲು ಮಾಡಿದ್ದ. ಈ ಸಲ ಸಿಕ್ಕಿದ ಶಿಕ್ಷೆ ಒಂದೂವರೆ ವರ್ಷಕ್ಕೂ ಹೆಚ್ಚು. ಕೊಲೆಗಿಂತ ಬಾಡಿಗೆಗೆ ಬೆಲೆ ಜಾಸ್ತಿ. 2009ರ ಜನವರಿಯಲ್ಲಿ ಅವನು ತೀರಿಕೊಂಡಾಗ ದೊಡ್ಡ ದೊಡ್ಡ ಪತ್ರಿಕೆಗಳು ಮರಣವಾರ್ತೆ ಅಚ್ಚು ಹಾಕಿದವು. ಅವುಗಳಲ್ಲಿ ಅವನನ್ನು ಗುರುತಿಸಿದ್ದು ಅವನ ಹೊಗೆಸೊಪ್ಪಿನ ತೋಟದಿಂದಲ್ಲ, ಆ ಹಾಡಿನಿಂದ.